ಇಂಗ್ಲಿಷ್ ವಂಶಶೋಧ: ಚರ್ಚಿನ ಪುಸ್ತಕ, ಜನಗಣತಿ, ಉಯಿಲು

ಇಂಗ್ಲೆಂಡಿನ ಒಂದು ಕುಟುಂಬದ ಹಿಂದಿನ ತಲೆಮಾರುಗಳನ್ನು ಬರೆಹದ ಆಧಾರದ ಮೇಲೆ ಗುರುತಿಸಲು ಮುಖ್ಯವಾಗಿ ಮೂರು ಬಗೆಯ ದಾಖಲೆಗಳು ನೆರವಾಗುತ್ತವೆ. ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆ) ಚರ್ಚುಗಳು 1538ರಿಂದ ಇಟ್ಟುಕೊಂಡು ಬಂದ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ಪುಸ್ತಕಗಳು ಮೊದಲನೆಯವು. 1841ರಿಂದ ಹತ್ತು ವರ್ಷಕ್ಕೊಮ್ಮೆ ಮನೆಮನೆಯವರ ಹೆಸರು ಸಹಿತ ಬರೆದಿಟ್ಟ ಜನಗಣತಿ ಎರಡನೆಯದು. ಮಧ್ಯಯುಗದಿಂದ ಇಂದಿನವರೆಗೆ ಹರಿದು ಬಂದಿರುವ ಉಯಿಲು ಮತ್ತು ಪ್ರೊಬೇಟ್ (ಉಯಿಲನ್ನು ನ್ಯಾಯಾಲಯ ಸ್ಥಿರೀಕರಿಸುವುದು) ದಾಖಲೆಗಳು ಮೂರನೆಯವು. ಇವುಗಳಲ್ಲಿ ಯಾವುದನ್ನೂ ಮುಂದೆ ಹುಟ್ಟುವ ಮೊಮ್ಮಕ್ಕಳ ಅನುಕೂಲಕ್ಕೆಂದು ಬರೆದದ್ದಲ್ಲ. ಪಾದ್ರಿ ತಾನು ನಡೆಸಿದ ಸಂಸ್ಕಾರವನ್ನು ಬರೆದ, ಸರ್ಕಾರ ತಲೆ ಎಣಿಸಿತು, ನ್ಯಾಯಾಲಯ ಸತ್ತವನ ಆಸ್ತಿ ಯಾರಿಗೆ ಸೇರಬೇಕೆಂದು ನೋಡಿತು. ಹೀಗಾಗಿ ಒಂದೊಂದರ ಕಣ್ಣಿಗೂ ಮನುಷ್ಯನ ಒಂದೊಂದು ಮುಖ ಮಾತ್ರ ಬಿದ್ದಿದೆ. ಮೂರನ್ನೂ ಎದುರುಬದುರು ಇಟ್ಟು ಓದಿದಾಗಲೇ ವಂಶಾವಳಿಗೆ ನಂಬಿಕೆ ಬರುತ್ತದೆ. ಒಂದನ್ನೇ ಹಿಡಿದು ಎಳೆದ ವಂಶವೃಕ್ಷ ಎಷ್ಟೇ ದೊಡ್ಡದಾದರೂ ಊಹೆಯೇ.

ಈ ಲೇಖನದ ವ್ಯಾಪ್ತಿ ಇಂಗ್ಲೆಂಡ್. ವೇಲ್ಸಿನ ದಾಖಲೆಗಳು ಬಹುಮಟ್ಟಿಗೆ ಇದೇ ಪದ್ಧತಿಯವು. ಸ್ಕಾಟ್ಲೆಂಡಿನ ಕಾನೂನು, ಚರ್ಚು, ನೋಂದಣಿ ಎಲ್ಲವೂ ಬೇರೆ; ಅಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1855ರಲ್ಲಿ. ಐರ್ಲೆಂಡಿನ ಹಳೆಯ ದಾಖಲೆಗಳಲ್ಲಿ ಬಹುಪಾಲು 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟಾಗ ನಾಶವಾದವು.

ಹುಡುಕಾಟದ ದಿಕ್ಕು

ಗೊತ್ತಿರುವವರಿಂದ ಗೊತ್ತಿಲ್ಲದವರ ಕಡೆಗೆ, ಇಂದಿನಿಂದ ಹಿಂದಕ್ಕೆ ಹೋಗುವುದು ಈ ವಿದ್ಯೆಯ ಮೊದಲ ನಿಯಮ. ಪ್ರಸಿದ್ಧನೊಬ್ಬನನ್ನು ಮೂಲಪುರುಷನೆಂದು ಆರಿಸಿಕೊಂಡು ಅವನಿಂದ ಕೆಳಗೆ ಇಳಿದು ಬರಲು ಯತ್ನಿಸುವವರು ಬಹುತೇಕ ದಾರಿ ತಪ್ಪುತ್ತಾರೆ. ಮನೆಯ ಹಿರಿಯರ ನೆನಪು, ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟ ಜನ್ಮದಿನಗಳು, ಹಳೆಯ ಪತ್ರಗಳು, ಸಮಾಧಿಕಲ್ಲುಗಳನ್ನು ಮೊದಲು ಕಲೆಹಾಕಬೇಕು. ಅನಂತರ ಕೈಹಾಕಬೇಕಾದದ್ದು ಸರ್ಕಾರಿ ನೋಂದಣಿಗೆ.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈ 1ರಂದು ಆರಂಭವಾಯಿತು. ಜನನ ಪತ್ರದಲ್ಲಿ ತಾಯಿಯ ತವರಿನ ಮನೆತನದ ಹೆಸರಿರುತ್ತದೆ. ಅದು ಸಿಕ್ಕಿತೆಂದರೆ ತಂದೆತಾಯಿಯ ಮದುವೆಯನ್ನು ಹುಡುಕಬಹುದು. ಮದುವೆ ಪತ್ರದಲ್ಲಿ ವಧೂವರರಿಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ಅಲ್ಲಿಂದ ಮತ್ತೊಂದು ತಲೆಮಾರು ಹಿಂದಕ್ಕೆ ಸರಿಯಬಹುದು. ತಾಯಂದಿರ ಹೆಸರು ಇಂಗ್ಲೆಂಡಿನ ಮದುವೆ ದಾಖಲೆಗೆ ಸೇರಿದ್ದು 2021ರ ಮೇ ತಿಂಗಳಲ್ಲಿ ಎಂಬುದು ಆಶ್ಚರ್ಯವಾದರೂ ನಿಜ. ಮರಣ ಪತ್ರದಲ್ಲಿ ವಯಸ್ಸು, ಕಾರಣ, ಸುದ್ದಿ ಕೊಟ್ಟವರ ಹೆಸರು ಇದ್ದರೂ ಸತ್ತವರ ತಂದೆತಾಯಿಯರ ಹೆಸರು ಇರುತ್ತಿರಲಿಲ್ಲ. ನೋಂದಣಿ ಮಾಡಿಸದವರಿಗೆ ದಂಡ ವಿಧಿಸುವ ಕಾನೂನು ಬಿಗಿಯಾದದ್ದು 1875ರಲ್ಲಿ. ಅದಕ್ಕೆ ಮೊದಲಿನ ದಶಕಗಳಲ್ಲಿ, ವಿಶೇಷವಾಗಿ ದೊಡ್ಡ ಪಟ್ಟಣಗಳಲ್ಲಿ, ಎಷ್ಟೋ ಮಕ್ಕಳ ಜನನ ಪುಸ್ತಕ ಸೇರದೆ ಹೋಗಿದೆ.

ಜನಗಣತಿ

ಇಂಗ್ಲೆಂಡಿನ ಮೊದಲ ಜನಗಣತಿ 1801ರದು. ಯುದ್ಧಕಾಲದಲ್ಲಿ ದೇಶದ ಆಳುಗಳೆಷ್ಟು, ಅನ್ನಕ್ಕೆ ಬೇಕಾದ ದವಸವೆಷ್ಟು ಎಂದು ತಿಳಿಯಲು ಮಾಡಿದ ಲೆಕ್ಕವದು. ಅದರಲ್ಲೂ ಮುಂದಿನ ಮೂರರಲ್ಲೂ ಸರ್ಕಾರ ಕೇಳಿದ್ದು ಸಂಖ್ಯೆಯನ್ನಷ್ಟೇ. ಕೆಲವು ಊರುಗಳ ಲೆಕ್ಕಿಗರು ತಮ್ಮ ಅನುಕೂಲಕ್ಕೆ ಹೆಸರುಗಳನ್ನೂ ಬರೆದುಕೊಂಡಿದ್ದರು. ಅಂಥ ಪಟ್ಟಿ ಉಳಿದಿದ್ದರೆ ಅದು ಶೋಧಕನ ಅದೃಷ್ಟ. 1841ರ ಜೂನ್ 6ರ ರಾತ್ರಿ ನಡೆದ ಗಣತಿಯಿಂದ ಹೆಸರುಗಳು ದೇಶದುದ್ದಕ್ಕೂ ಉಳಿದಿವೆ.

1841ರ ಗಣತಿಯನ್ನು ಎಚ್ಚರದಿಂದ ಓದಬೇಕು. ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯುವಂತೆ ಗಣತಿದಾರರಿಗೆ ಸೂಚನೆಯಿತ್ತು. 59 ವರ್ಷದವನು ಅಲ್ಲಿ 55 ಆಗಿರುತ್ತಾನೆ, 24ರ ಹುಡುಗಿ 20 ಆಗಿರುತ್ತಾಳೆ. ಎಲ್ಲ ಗಣತಿದಾರರೂ ಇದನ್ನು ಪಾಲಿಸಲಿಲ್ಲ ಎಂಬುದು ಇನ್ನೊಂದು ತೊಡಕು. ಮನೆಯ ಯಜಮಾನನಿಗೆ ಯಾರು ಏನಾಗಬೇಕೆಂಬ ವಿವರ ಅದರಲ್ಲಿಲ್ಲ. ಹುಟ್ಟಿದೂರಿನ ಬದಲು, ಇದೇ ಕೌಂಟಿಯಲ್ಲಿ ಹುಟ್ಟಿದವರೋ ಅಲ್ಲವೋ ಎಂಬುದಕ್ಕೆ ಒಂದಕ್ಷರದ ಉತ್ತರವಿದೆ. ಒಂದೇ ಸೂರಿನಡಿ 40ರ ಗಂಡಸು, 40ರ ಹೆಂಗಸು, ಮೂರು ಮಕ್ಕಳು ಕಂಡರೆ ಗಂಡ, ಹೆಂಡತಿ, ಮಕ್ಕಳು ಎಂದು ತೀರ್ಮಾನಿಸಲು ಮನಸ್ಸು ಓಡುತ್ತದೆ. ಅವರು ಅಣ್ಣತಂಗಿ ಮತ್ತು ತೀರಿಹೋದ ಒಡಹುಟ್ಟಿನ ಮಕ್ಕಳೂ ಆಗಿರಬಹುದು.

1851ರ ಮಾರ್ಚ್ 30ರ ಗಣತಿಯಲ್ಲಿ ಈ ಕೊರತೆ ತುಂಬಿತು. ಯಜಮಾನನಿಗೆ ಸಂಬಂಧ, ಮದುವೆಯಾಗಿದೆಯೇ ಇಲ್ಲವೇ, ಸರಿಯಾದ ವಯಸ್ಸು, ಕಸುಬು, ಹುಟ್ಟಿದ ಕೌಂಟಿ ಮತ್ತು ಪ್ಯಾರಿಷ್ ಎಲ್ಲವೂ ಬಂದವು. ವಂಶಶೋಧಕನಿಗೆ ಜನಗಣತಿಯ ಅತಿ ದೊಡ್ಡ ಕೊಡುಗೆ ಹುಟ್ಟಿದ ಪ್ಯಾರಿಷಿನ ಈ ಒಂದು ಕಾಲಂ. ಕೈಗಾರಿಕಾ ಕ್ರಾಂತಿಯಲ್ಲಿ ಹಳ್ಳಿ ಬಿಟ್ಟು ಮ್ಯಾಂಚೆಸ್ಟರಿಗೋ ಬರ್ಮಿಂಗ್‌ಹ್ಯಾಮಿಗೋ ಹೋಗಿ ಸೇರಿದ ಕೂಲಿಯವನು 1837ಕ್ಕೆ ಮೊದಲು ಹುಟ್ಟಿದ್ದರೆ ಅವನಿಗೆ ಸರ್ಕಾರಿ ಜನನ ಪತ್ರವಿಲ್ಲ. ಅವನ ಊರು ಯಾವುದೆಂದು ಗೊತ್ತಾಗದೆ ಯಾವ ಚರ್ಚಿನ ಪುಸ್ತಕ ತೆರೆಯಬೇಕೆಂದು ತಿಳಿಯದು. ದೇಶದಲ್ಲಿ ಹತ್ತು ಸಾವಿರಕ್ಕೂ ಮೀರಿದ ಪ್ಯಾರಿಷ್‌ಗಳಿದ್ದವು. ಆತ 1851ರವರೆಗೆ ಬದುಕಿದ್ದರೆ, ಗಣತಿದಾರನಿಗೆ ಕೊಟ್ಟ ಒಂದು ಮಾತಿನ ಉತ್ತರ ಮೊಮ್ಮಕ್ಕಳನ್ನು ನೇರ ಅವನ ಹಳ್ಳಿಗೆ ಕೊಂಡೊಯ್ಯುತ್ತದೆ. ಅದಕ್ಕೇ ಒಬ್ಬ ವ್ಯಕ್ತಿ ಬದುಕಿದ್ದಷ್ಟು ಕಾಲದ ಎಲ್ಲ ಗಣತಿಗಳಲ್ಲೂ ಅವನನ್ನು ಹುಡುಕಬೇಕು. ಒಂದು ಗಣತಿಯಲ್ಲಿ ಹತ್ತಿರದ ಪೇಟೆಯ ಹೆಸರು ಹೇಳಿದವನು ಇನ್ನೊಂದರಲ್ಲಿ ನಿಜವಾದ ಹಳ್ಳಿಯ ಹೆಸರು ಹೇಳಿರುವುದುಂಟು.

ಗಣತಿಯ ಮುನ್ನಾದಿನಗಳಲ್ಲಿ ಮನೆಮನೆಗೆ ನಮೂನೆ ಹಂಚಿ, ಮಾರನೆಯ ದಿನ ಅದನ್ನು ಕೂಡಿಸಿಕೊಂಡು, ಗಣತಿದಾರ ತನ್ನ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. 1901ರವರೆಗೆ ಇಂದು ನಾವು ನೋಡುವುದು ಈ ನಕಲನ್ನೇ. ಮನೆಯವರು ತುಂಬಿದ ನಮೂನೆಗಳನ್ನು ನಾಶ ಮಾಡಲಾಗಿದೆ. ಓದುಬರಹ ಬಾರದ ಮನೆಯಲ್ಲಿ ಗಣತಿದಾರ ಕಿವಿಗೆ ಬಿದ್ದಂತೆ ಬರೆದ. ಹಾಗಾಗಿ ಮನೆತನದ ಹೆಸರಿನ ಕಾಗುಣಿತ ನಾಲ್ಕು ಗಣತಿಯಲ್ಲಿ ನಾಲ್ಕು ರೀತಿ ಇದ್ದರೆ ಅದನ್ನು ನಾಲ್ಕು ಕುಟುಂಬವೆಂದು ತಿಳಿಯಬಾರದು.

1911ರ ಗಣತಿಯ ಘನತೆಯೇ ಬೇರೆ. ಮನೆಯ ಯಜಮಾನನ ಸ್ವಂತ ಕೈಬರಹದ ನಮೂನೆಯೇ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳು ಹುಟ್ಟಿದರು, ಅವರಲ್ಲಿ ಉಳಿದವರೆಷ್ಟು, ಅಳಿದವರೆಷ್ಟು ಎಂದು ಗೃಹಿಣಿಯರ ಬಗ್ಗೆ ಅದರಲ್ಲಿ ಕೇಳಲಾಗಿದೆ. ಎರಡು ಗಣತಿಗಳ ನಡುವೆ ಹುಟ್ಟಿ, ನಡುವೆಯೇ ತೀರಿಹೋದ ಕೂಸುಗಳ ಸುಳಿವು ಸಿಗುವುದು ಇಲ್ಲಿಯೇ. ಮತದಾನದ ಹಕ್ಕು ಕೊಡದ ಸರ್ಕಾರದ ಲೆಕ್ಕಕ್ಕೆ ತಾವೂ ಸಿಗಲಾರೆವೆಂದು ಹೋರಾಟಗಾರ್ತಿಯರು ಆ ಗಣತಿಯನ್ನು ಬಹಿಷ್ಕರಿಸಿದ್ದರು. ಅವರಲ್ಲೊಬ್ಬರಾದ ಎಮಿಲಿ ಡೇವಿಸನ್ ಆ ರಾತ್ರಿ ಸಂಸತ್ ಭವನದ ನೆಲಮಾಳಿಗೆ ಪ್ರಾರ್ಥನಾಲಯದ ಒಂದು ಕಪಾಟಿನಲ್ಲಿ ಅಡಗಿದ್ದರು. ತಮ್ಮ ವಿಳಾಸ ಸಂಸತ್ತು ಎಂದು ದಾಖಲಾಗಲಿ ಎಂಬುದು ಅವರ ಬಯಕೆ. ಹಾಗೆಯೇ ದಾಖಲಾಯಿತು, ಬಾಡಿಗೆ ಮನೆಯಲ್ಲೂ ಅವರ ಹೆಸರು ಬರೆದುಕೊಂಡಿದ್ದರಿಂದ ಎರಡು ಸಲ ಎಣಿಕೆಯಾದರು. ಅಜ್ಜಿಯೊಬ್ಬಳು 1911ರಲ್ಲಿ ಎಲ್ಲೂ ಕಾಣದಿದ್ದರೆ ಆಕೆ ಈ ಬಹಿಷ್ಕಾರದಲ್ಲಿದ್ದಳೇ ಎಂದೂ ವಿಚಾರಿಸಬೇಕಾಗುತ್ತದೆ.

1921ರ ಗಣತಿ ಏಪ್ರಿಲಿನಲ್ಲಿ ನಡೆಯಬೇಕಾಗಿದ್ದು, ಕಾರ್ಮಿಕ ಮುಷ್ಕರಗಳ ಭೀತಿಯಿಂದ ಜೂನ್ 19ಕ್ಕೆ ಮುಂದೆ ಹೋಯಿತು. ಅದು ಸಾರ್ವಜನಿಕರಿಗೆ ತೆರೆದದ್ದು 2022ರ ಜನವರಿಯಲ್ಲಿ. ಯಾರ ಬಳಿ ಕೆಲಸ ಎಂಬ ವಿವರ ಅದರಲ್ಲಿದೆ. ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳನ್ನೂ ಗುರುತಿಸಲಾಗಿದೆ. ಅಲ್ಲಿಂದ ಮುಂದಕ್ಕೆ ದೊಡ್ಡ ಕಂದರ. 1931ರ ಗಣತಿಯ ಕಾಗದಗಳು 1942ರ ಡಿಸೆಂಬರಿನಲ್ಲಿ ಮಿಡ್ಲ್‌ಸೆಕ್ಸಿನ ಹೇಸ್ ಎಂಬಲ್ಲಿ ಬೆಂಕಿಗೆ ಆಹುತಿಯಾದವು. ಅದು ಶತ್ರುವಿನ ಬಾಂಬಿನಿಂದಾದ ಬೆಂಕಿಯಲ್ಲ. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಗುರುತುಚೀಟಿ ಕೊಡಲೆಂದು 1939ರ ಸೆಪ್ಟೆಂಬರ್ 29ರಂದು ಮಾಡಿದ ರಾಷ್ಟ್ರೀಯ ನೋಂದಣಿಯೊಂದೇ ಈ ಕಂದರಕ್ಕೆ ಹಾಕಿದ ಸೇತುವೆ. ಅದರಲ್ಲಿ ಜನರ ಪೂರ್ಣ ಜನ್ಮದಿನಾಂಕವೂ ಇದೆ. ನೂರು ವರ್ಷದ ಗೋಪ್ಯತೆಯ ನಿಯಮದಿಂದಾಗಿ 1951ರ ಗಣತಿ 2052ರವರೆಗೆ ತೆರೆಯುವುದಿಲ್ಲ.

ಪ್ಯಾರಿಷ್ ಪುಸ್ತಕಗಳು

ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಂವೆಲ್ 1538ರ ಸೆಪ್ಟೆಂಬರಿನಲ್ಲಿ ಪ್ರತಿ ಪ್ಯಾರಿಷ್ ಪಾದ್ರಿಗೂ ಒಂದು ಆಜ್ಞೆ ಕಳಿಸಿದ. ವಾರದಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಭಾನುವಾರ ಸಾಕ್ಷಿಗಳ ಮುಂದೆ ಪುಸ್ತಕದಲ್ಲಿ ಬರೆಯಬೇಕು, ಆ ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು ಎಂಬುದು ಅದರ ಸಾರ. ಇದು ಹೊಸ ತೆರಿಗೆಯ ಹೂಟವೆಂದು ಜನ ಅನುಮಾನಪಟ್ಟರು. ಆರಂಭದ ದಾಖಲೆಗಳನ್ನು ಬಿಡಿ ಕಾಗದದಲ್ಲಿ ಬರೆದದ್ದರಿಂದ ಬಹಳಷ್ಟು ಹಾಳಾದವು. 1598ರಲ್ಲಿ, ಹಳೆಯದೆಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಬೇಕು, ಕಡೆಯಪಕ್ಷ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ 1558ರಿಂದಲಾದರೂ ಮಾಡಬೇಕು ಎಂದು ಆದೇಶವಾಯಿತು. ಅನೇಕ ಪಾದ್ರಿಗಳು ಕಡೆಯಪಕ್ಷಕ್ಕೇ ನಿಂತರು. ಇಂಗ್ಲೆಂಡಿನ ಎಷ್ಟೋ ಚರ್ಚುಗಳ ಪುಸ್ತಕ 1538ರಿಂದಲ್ಲದೆ 1558ರಿಂದ ಶುರುವಾಗುವುದು ಇದರಿಂದ. ಪ್ರತಿವರ್ಷದ ದಾಖಲೆಯ ಒಂದು ನಕಲನ್ನು ಬಿಷಪ್ಪರಿಗೆ ಕಳಿಸಬೇಕೆಂಬ ಕಟ್ಟಳೆಯೂ ಆಗಲೇ ಬಂತು. ಮೂಲ ಪುಸ್ತಕ ಇಲಿ, ನೀರು, ಬೆಂಕಿಗೆ ತುತ್ತಾದ ಊರುಗಳಲ್ಲಿ ಬಿಷಪ್ಪರ ನಕಲು ಕೈಹಿಡಿಯುತ್ತದೆ. ಎರಡೂ ಉಳಿದಿದ್ದರೆ ಎರಡನ್ನೂ ನೋಡಬೇಕು; ಒಂದರಲ್ಲಿ ಬಿಟ್ಟುಹೋದ ಹೆಸರು ಇನ್ನೊಂದರಲ್ಲಿ ಸಿಗುವುದು ಅಪರೂಪವಲ್ಲ.

ವಿಲಿಯಂ ಶೇಕ್ಸ್‌ಪಿಯರನ ಕುಟುಂಬದ ಬಗ್ಗೆ ನಮಗೆ ಖಚಿತವಾಗಿ ಗೊತ್ತಿರುವುದರಲ್ಲಿ ಹೆಚ್ಚಿನದು ಬಂದದ್ದು ಇಂಥ ಪುಸ್ತಕದಿಂದಲೇ. ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನ ಚರ್ಮಪತ್ರದ ಪುಸ್ತಕವೂ 1558ರಿಂದಲೇ ಆರಂಭವಾಗುತ್ತದೆ. 1564ರ ಏಪ್ರಿಲ್ 26ರಂದು ಜಾನ್ ಶೇಕ್ಸ್‌ಪಿಯರನ ಮಗ ವಿಲಿಯಂಗೆ ದೀಕ್ಷಾಸ್ನಾನವಾಯಿತೆಂದು ಅದರಲ್ಲಿ ಲ್ಯಾಟಿನ್ನಿನಲ್ಲಿ ಬರೆದಿದೆ. ಹುಟ್ಟಿದ ದಿನ ಎಲ್ಲೂ ಇಲ್ಲ; ಏಪ್ರಿಲ್ 23 ಎಂಬುದು ಸಂಪ್ರದಾಯದ ಎಣಿಕೆ. 1583ರ ಮೇ 26ರಂದು ಅವನ ಮೊದಲ ಮಗಳು ಸುಸಾನ್ನಾ, 1585ರ ಫೆಬ್ರವರಿ 2ರಂದು ಅವಳಿಗಳಾದ ಹ್ಯಾಮ್ನೆಟ್ ಮತ್ತು ಜುಡಿತ್ ಅದೇ ಪುಸ್ತಕ ಸೇರುತ್ತಾರೆ. 1596ರ ಆಗಸ್ಟ್ 11ರಂದು ಹ್ಯಾಮ್ನೆಟ್‌ನ ಸಮಾಧಿ. ಒಬ್ಬನೇ ಮಗನನ್ನು ಹನ್ನೊಂದನೆಯ ವಯಸ್ಸಿನಲ್ಲಿ ಕಳೆದುಕೊಂಡ ತಂದೆಯ ದುಃಖಕ್ಕೆ ಚರ್ಚಿನ ಪುಸ್ತಕ ಕೊಟ್ಟದ್ದು ಒಂದೇ ಸಾಲು. ಕವಿಯ ಮದುವೆ ಮಾತ್ರ ಈ ಪುಸ್ತಕದಲ್ಲಿಲ್ಲ. ಅದರ ಸುಳಿವು ಸಿಗುವುದು ವುಸ್ಟರಿನ ಬಿಷಪ್ಪರ ಕಚೇರಿಯಲ್ಲಿ: 1582ರ ನವೆಂಬರ್ 28ರಂದು ಮದುವೆ ಪರವಾನಗಿಗಾಗಿ ಬರೆದುಕೊಟ್ಟ ಮುಚ್ಚಳಿಕೆಯಲ್ಲಿ ವಧು ಆನ್ ಹ್ಯಾತ್‌ವೇ. ಅದರ ಹಿಂದಿನ ದಿನ ಗುಮಾಸ್ತ ಬರೆದ ಪುಸ್ತಕದಲ್ಲಿ ವಧುವಿನ ಹೆಸರು ಆನ್ ವೇಟ್ಲಿ ಎಂದಿದೆ. ಈ ಒಂದು ಹೆಸರಿನ ಮೇಲೆ ಎರಡನೆಯ ಪ್ರೇಯಸಿಯೊಬ್ಬಳ ಕತೆಯನ್ನೇ ಕಟ್ಟಿದವರಿದ್ದಾರೆ. ಬಹುಪಾಲು ವಿದ್ವಾಂಸರು ಅದನ್ನು ಗುಮಾಸ್ತನ ಕೈತಪ್ಪೆಂದೇ ತಿಳಿಯುತ್ತಾರೆ. ದಾಖಲೆ ಎಂದಮಾತ್ರಕ್ಕೆ ಅದು ಸತ್ಯವಲ್ಲ, ಅದನ್ನು ಬರೆದವನು ಯಾರು, ಎಲ್ಲಿ ಕುಳಿತು ಬರೆದ ಎಂಬುದನ್ನು ಕೇಳಲೇಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಅಂತರ್ಯುದ್ಧ ಶುರುವಾದ 1642ರಿಂದ ಅರಸೊತ್ತಿಗೆ ಮರಳಿದ 1660ರವರೆಗಿನ ಕಾಲ ವಂಶಶೋಧಕರಿಗೆ ಕಗ್ಗಾಡು. ಪಾದ್ರಿಗಳು ಚರ್ಚುಗಳಿಂದ ಹೊರದಬ್ಬಿಸಿಕೊಂಡರು, ಪುಸ್ತಕಗಳು ಅಡಗಿದವು, ಕಳೆದವು. 1653ರಿಂದ ಮದುವೆ ಮಾಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಹೋಯಿತು. ಒಂದು ವಂಶಾವಳಿ ಈ ಹದಿನೆಂಟು ವರ್ಷಗಳನ್ನು ಸಲೀಸಾಗಿ ದಾಟಿದೆ ಎಂದರೆ ಅದರ ಆಧಾರವನ್ನು ಎರಡು ಸಲ ಕೇಳಬೇಕು.

ತಾರೀಖಿನ ತೊಡಕೂ ಇದೆ. 1752ರವರೆಗೆ ಇಂಗ್ಲೆಂಡಿನ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ರಂದು. 1720ರ ಡಿಸೆಂಬರಿನ ಮುಂದಿನ ತಿಂಗಳು ಪುಸ್ತಕದಲ್ಲಿ 1720ರ ಜನವರಿಯೇ. ನಮ್ಮ ಲೆಕ್ಕಕ್ಕೆ ಅದು 1721. ಇದನ್ನು ಮರೆತರೆ 1720ರ ಮೇ ತಿಂಗಳ ಮದುವೆಗೆ 1720ರ ಫೆಬ್ರವರಿಯಲ್ಲಿ ಮಗು ಹುಟ್ಟಿದಂತೆ ಕಂಡು, ನಿರ್ದೋಷಿ ದಂಪತಿಗಳಿಗೆ ಇಲ್ಲದ ಅಪವಾದ ಬರುತ್ತದೆ. ಪಂಚಾಂಗ ಬದಲಾದ 1752ರಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು.

ಮದುವೆ ದಾಖಲೆಗಳ ಚರಿತ್ರೆಯಲ್ಲಿ 1754ರ ಮಾರ್ಚ್ 25 ದೊಡ್ಡ ತಿರುವು. ಲಾರ್ಡ್ ಹಾರ್ಡ್‌ವಿಕ್‌ನ ಕಾನೂನು ಅಂದು ಜಾರಿಗೆ ಬಂತು. ಅದಕ್ಕೆ ಮೊದಲು ಲಂಡನ್ನಿನ ಫ್ಲೀಟ್ ಸೆರೆಮನೆಯ ಸುತ್ತಮುತ್ತ ಕಾಸು ಕೊಟ್ಟರೆ ಕೇಳದೆ ಮದುವೆ ಮಾಡಿಸುವ ಪಾದ್ರಿಗಳಿದ್ದರು. ಹೊಸ ಕಾನೂನಿನ ಪ್ರಕಾರ ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಿಸಬೇಕು, ಇಲ್ಲವೇ ಪರವಾನಗಿ ಪಡೆಯಬೇಕು. ಅಚ್ಚು ಹಾಕಿದ ನಮೂನೆಯಲ್ಲಿ ವಧೂವರರೂ ಸಾಕ್ಷಿಗಳೂ ರುಜು ಹಾಕಬೇಕು. ಯೆಹೂದಿಗಳಿಗೂ ಕ್ವೇಕರ್ ಪಂಥದವರಿಗೂ ಮಾತ್ರ ವಿನಾಯಿತಿ. ಅಕ್ಷರ ಬಾರದವರ ಜಾಗದಲ್ಲಿ ಒಂದು ಅಡ್ಡಗೆರೆ ಗುರುತು ಇರುತ್ತದೆ. ಇನ್ನೂರೈವತ್ತು ವರ್ಷದ ಹಿಂದಿನ ಅಜ್ಜಿಯೊಬ್ಬಳು ಕಾಗದದ ಮೇಲೆ ತನ್ನ ಕೈಯಿಂದ ಎಳೆದ ಗುರುತು ಎಂದು ಉಳಿದಿರುವುದು ಬಹುಶಃ ಅದೊಂದೇ. ಸಾಕ್ಷಿಗಳ ಹೆಸರನ್ನು ಹೆಚ್ಚಿನವರು ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳಬೇಕು, ಅವರಲ್ಲಿ ಅಣ್ಣತಮ್ಮಂದಿರು, ಭಾವಂದಿರು ಇರುವುದೇ ಹೆಚ್ಚು. ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಬಾಲ್ಯದಲ್ಲಿ ತಂದೆಯ ಚರ್ಚಿನ ಇಂಥದೇ ಪುಸ್ತಕದ ಮಾದರಿ ಪುಟದಲ್ಲಿ ತನಗೂ ಕಲ್ಪಿತ ವರರಿಗೂ ಮದುವೆ ಬರೆದಿದ್ದಾಳೆ. ಆ ಪುಟ ಸ್ಟೀವನ್‌ಟನ್ ಚರ್ಚಿನ ಪುಸ್ತಕದಲ್ಲಿ ಇಂದಿಗೂ ಇದೆ.

ಅದೇ ಲೇಖಕಿಯ ದೀಕ್ಷಾಸ್ನಾನ ಇನ್ನೊಂದು ಪಾಠ ಹೇಳುತ್ತದೆ. ಅವಳು ಹುಟ್ಟಿದ್ದು 1775ರ ಡಿಸೆಂಬರ್ 16ರಂದು. ಚರ್ಚಿನಲ್ಲಿ ಬಹಿರಂಗವಾಗಿ ದೀಕ್ಷಾಸ್ನಾನವಾದದ್ದು ಚಳಿಗಾಲ ಕಳೆದ ಮೇಲೆ 1776ರ ಏಪ್ರಿಲ್ 5ರಂದು. ಕೆಲವು ಮನೆಗಳಲ್ಲಿ ಈ ಅಂತರ ವರ್ಷಗಟ್ಟಲೆ ಇರುತ್ತಿತ್ತು. ನಾಲ್ಕು ಮಕ್ಕಳನ್ನು ಒಂದೇ ದಿನ ಕರೆದೊಯ್ದವರೂ ಇದ್ದರು. 1783ರಲ್ಲಿ ಸರ್ಕಾರ ಪ್ರತಿ ದಾಖಲೆಗೆ ಮೂರು ಪೆನ್ಸ್ ತೆರಿಗೆ ಹಾಕಿತು. ದರಿದ್ರರಿಗೆ ಮಾತ್ರ ಮಾಫಿ. ಅದು ರದ್ದಾದ 1794ರವರೆಗೆ ಪುಸ್ತಕಗಳಲ್ಲಿ ದರಿದ್ರರೆಂದು ಗುರುತು ಹಾಕಿಸಿಕೊಂಡವರ ಸಂಖ್ಯೆ ಏರಿದೆ. ಹೆಸರಿನ ಕಾಗುಣಿತದ ವಿಷಯವಂತೂ ಹೇಳತೀರದು. ಚಾರ್ಲ್ಸ್ ಡಿಕನ್ಸ್‌ನ ಹೆಸರಿನ ಒಂದು ಭಾಗ ಹಫಮ್. ಪೋರ್ಟ್ಸ್‌ಮತ್ತಿನ ಚರ್ಚಿನ ಪುಸ್ತಕದಲ್ಲಿ 1812ರ ಮಾರ್ಚಿನಲ್ಲಿ ಪಾದ್ರಿ ಅದರೊಳಗೆ ಇನ್ನೊಂದು ಅಕ್ಷರ ಸೇರಿಸಿ ಹಫ್‌ಹಮ್ ಮಾಡಿದ್ದಾನೆ.

1813ರ ಜನವರಿ 1ರಿಂದ ಜಾರ್ಜ್ ರೋಸ್‌ನ ಕಾನೂನಿನಂತೆ ಮೂರು ಸಂಸ್ಕಾರಗಳಿಗೂ ಬೇರೆಬೇರೆ ಅಚ್ಚಿನ ಪುಸ್ತಕಗಳು ಬಂದವು. ದೀಕ್ಷಾಸ್ನಾನದಲ್ಲಿ ತಂದೆಯ ಕಸುಬು ಮತ್ತು ಊರು, ಸಮಾಧಿಯಲ್ಲಿ ವಯಸ್ಸು ಮತ್ತು ಊರು ಕಡ್ಡಾಯವಾದವು. ಅದಕ್ಕಿಂತ ಹಿಂದೆ ಒಂದೊಂದು ಪಾದ್ರಿಯದೂ ಒಂದೊಂದು ರೀತಿ. ಯಾರ್ಕ್‌ಷೈರಿನ ವಿಲಿಯಂ ಡೇಡ್ ಎಂಬ ಪಾದ್ರಿ 1770ರ ದಶಕದಲ್ಲಿ ಮಗುವಿನ ಅಜ್ಜ ಅಜ್ಜಿಯರ ಹೆಸರು ಮತ್ತು ಊರನ್ನೂ ಬರೆಯುವ ಕ್ರಮ ಹಾಕಿಕೊಟ್ಟ. ಪ್ಯಾರಿಷಿನ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದ ಈ ಮನುಷ್ಯನಿಗೆ ಉತ್ತರ ಇಂಗ್ಲೆಂಡಿನ ವಂಶಶೋಧಕರೆಲ್ಲ ಋಣಿಗಳು.

ಎಲ್ಲರೂ ಪ್ಯಾರಿಷ್ ಚರ್ಚಿಗೆ ಹೋಗುತ್ತಿರಲಿಲ್ಲ. ಬ್ಯಾಪ್ಟಿಸ್ಟರು, ಕ್ವೇಕರರು, ಕ್ಯಾಥೊಲಿಕರು, ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನಾಟರು ತಮ್ಮದೇ ಪುಸ್ತಕ ಇಟ್ಟಿದ್ದರು. ಸರ್ಕಾರಿ ನೋಂದಣಿ ಬಂದಮೇಲೆ ಇವುಗಳಲ್ಲಿ ಅನೇಕವನ್ನು ಸರ್ಕಾರ ತರಿಸಿಕೊಂಡಿತು. ಈಗ ಅವು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಕ್ಯಾಥೊಲಿಕರ ಪುಸ್ತಕಗಳಲ್ಲಿ ಬಹುಪಾಲು ಅವರ ಬಳಿಯೇ ಉಳಿದವು.

ಉಯಿಲು ಮತ್ತು ಪ್ರೊಬೇಟ್

ಚರ್ಚಿನ ಪುಸ್ತಕ ಹೆಸರು ಕೊಡುತ್ತದೆ. ಉಯಿಲು ಸಂಬಂಧ ಕೊಡುತ್ತದೆ. ಒಂದೇ ಊರಿನಲ್ಲಿ ಒಂದೇ ಕಾಲದಲ್ಲಿ ಜಾನ್ ಸ್ಮಿತ್ ಎಂಬವರು ಮೂವರಿದ್ದಾಗ, ಯಾವ ಜಾನ್ ಯಾರ ಮಗ ಎಂದು ದೀಕ್ಷಾಸ್ನಾನದ ಸಾಲಿನಿಂದ ತೀರ್ಮಾನಿಸಲಾಗುವುದಿಲ್ಲ. ಅವರಲ್ಲೊಬ್ಬನ ತಂದೆ ಮಗನಿಗೆ ಕಮ್ಮಾರಸಾಲೆಯನ್ನೂ ಇಂಥ ಊರಿಗೆ ಕೊಟ್ಟ ಮಗಳಿಗೆ ಹತ್ತು ಪೌಂಡನ್ನೂ ಬರೆದಿಟ್ಟು ಸತ್ತಿದ್ದರೆ, ಗಂಟು ಬಿಚ್ಚುತ್ತದೆ. ಮೂರು ಬಗೆಯ ದಾಖಲೆಗಳಲ್ಲಿ ಸತ್ತವರ ಮಾತು ಕೇಳಿಸುವುದೂ ಇದರಲ್ಲೊಂದರಲ್ಲೇ.

1858ರ ಜನವರಿ 12ರವರೆಗೆ ಉಯಿಲುಗಳನ್ನು ಸ್ಥಿರೀಕರಿಸುತ್ತಿದ್ದದ್ದು ಚರ್ಚಿನ ನ್ಯಾಯಾಲಯಗಳು. ಆಸ್ತಿಯೆಲ್ಲ ಒಂದೇ ಆರ್ಚ್‌ಡೀಕನ್‌ನ ಸೀಮೆಯಲ್ಲಿದ್ದರೆ ಅವನ ಕೋರ್ಟು, ಅದನ್ನು ಮೀರಿದರೆ ಬಿಷಪ್ಪರ ಕೋರ್ಟು. ಐದು ಪೌಂಡಿಗೆ ಕಡಿಮೆಯಿಲ್ಲದ ಸೊತ್ತು ಒಂದಕ್ಕಿಂತ ಹೆಚ್ಚು ಬಿಷಪ್ ಪ್ರಾಂತಗಳಲ್ಲಿದ್ದರೆ ಕ್ಯಾಂಟರ್‌ಬರಿ ಅಥವಾ ಯಾರ್ಕ್ ಆರ್ಚ್‌ಬಿಷಪ್ಪರ ಪರಮಾಧಿಕಾರದ ಕೋರ್ಟು. ಇವುಗಳ ನಡುವೆ ಯಾವ ಬಿಷಪ್ಪನಿಗೂ ಒಳಪಡದ ಪುಟ್ಟ ಪ್ರತ್ಯೇಕ ಸೀಮೆಗಳ ಕೋರ್ಟುಗಳೂ ಇದ್ದವು. ಆದ್ದರಿಂದ 1858ಕ್ಕೆ ಹಿಂದಿನ ಉಯಿಲು ಹುಡುಕುವವರು ಪ್ಯಾರಿಷಿನ ನಕ್ಷೆಯನ್ನು ಮೊದಲು ಹಿಡಿಯಬೇಕು. ಕ್ಯಾಂಟರ್‌ಬರಿ ಕೋರ್ಟಿನ ಉಯಿಲುಗಳು 1384ರಿಂದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸಮುದ್ರದಲ್ಲೋ ಪರದೇಶದಲ್ಲೋ ತೀರಿಕೊಂಡು ಇಂಗ್ಲೆಂಡಿನಲ್ಲಿ ಸೊತ್ತು ಬಿಟ್ಟವರ ಉಯಿಲುಗಳೂ ಅಲ್ಲಿಗೇ ಹೋಗುತ್ತಿದ್ದವು. ಯಾರ್ಕಿನವು ಅದೇ ನಗರದ ಬೋರ್ತ್‌ವಿಕ್ ಸಂಸ್ಥೆಯಲ್ಲಿವೆ. ಡೆವನ್ ಸೀಮೆಯವರಿಗೆ ಮಾತ್ರ ದೊಡ್ಡ ನಷ್ಟ: 1942ರ ಮೇ ತಿಂಗಳಲ್ಲಿ ಎಕ್ಸೆಟರ್ ಮೇಲೆ ಬಿದ್ದ ಬಾಂಬುಗಳಲ್ಲಿ ಅಲ್ಲಿನ ಉಯಿಲುಗಳು ಸುಟ್ಟುಹೋದವು.

ಮತ್ತೆ ಶೇಕ್ಸ್‌ಪಿಯರನ ಮನೆಗೇ ಹೋಗಬಹುದು. 1616ರ ಮಾರ್ಚ್ 25ರ ಅವನ ಉಯಿಲು ಅದೇ ವರ್ಷದ ಜೂನ್ 22ರಂದು ಕ್ಯಾಂಟರ್‌ಬರಿ ಕೋರ್ಟಿನಲ್ಲಿ ಸ್ಥಿರವಾಯಿತು. ಹೆಂಡತಿಗೆ ಎರಡನೆಯ ಉತ್ತಮ ಮಂಚ ಬಿಟ್ಟದ್ದನ್ನೇ ಲೋಕ ಮಾತಾಡಿದೆ. ವಂಶಶೋಧಕನ ಕಣ್ಣು ಬೇರೆ ಕಡೆ ಹೋಗುತ್ತದೆ. ತಂಗಿ ಜೋನ್‌ಗೆ ಇಪ್ಪತ್ತು ಪೌಂಡು, ತನ್ನ ಉಡುಪುಗಳು ಮತ್ತು ಬದುಕಿರುವವರೆಗೂ ಮನೆ ಎಂದು ಬರೆಸಿದ್ದಾನೆ. ಆಕೆಯ ಮೂವರು ಗಂಡುಮಕ್ಕಳಿಗೆ ತಲಾ ಐದು ಪೌಂಡು. ಮೂವರಲ್ಲಿ ಒಬ್ಬನ ಹೆಸರಿನ ಜಾಗ ಖಾಲಿ ಬಿಟ್ಟಿದೆ. ಚರ್ಚಿನ ಪುಸ್ತಕ ನೋಡಿದರೆ ಆ ಹುಡುಗ ಥಾಮಸ್. ಮೊಮ್ಮಗಳು ಎಲಿಜಬೆತ್‌ಳನ್ನು, ಇಂದಾದರೆ ಒಡಹುಟ್ಟಿದವರ ಮಗಳಿಗೆ ಬಳಸುವ ಪದದಿಂದ ಕರೆದಿದ್ದಾನೆ. ಆ ಕಾಲದ ಉಯಿಲುಗಳಲ್ಲಿ ಸಂಬಂಧಸೂಚಕ ಪದಗಳು ಹೀಗೆ ಸಡಿಲ. ಇಂದಿನ ಅರ್ಥ ಹಚ್ಚಿದರೆ ತಲೆಮಾರೇ ತಪ್ಪುತ್ತದೆ. ಸಾಕ್ಷಿಗಳಲ್ಲಿ ಹ್ಯಾಮ್ನೆಟ್ ಸ್ಯಾಡ್ಲರ್ ಎಂಬ ನೆರೆಯವನಿದ್ದಾನೆ. ಮೂವತ್ತೊಂದು ವರ್ಷ ಹಿಂದೆ ಅವಳಿ ಮಕ್ಕಳಿಗೆ ಹ್ಯಾಮ್ನೆಟ್, ಜುಡಿತ್ ಎಂದು ಹೆಸರು ಬಂದದ್ದು ಈ ನೆರೆಯವನಿಂದ ಮತ್ತು ಅವನ ಹೆಂಡತಿಯಿಂದ ಎಂದು ವಿದ್ವಾಂಸರು ನಂಬುತ್ತಾರೆ. ದೀಕ್ಷಾಸ್ನಾನದ ಸಾಲೂ ಉಯಿಲಿನ ಸಾಕ್ಷಿಯೂ ಹೀಗೆ ಒಂದನ್ನೊಂದು ಬೆಳಗುತ್ತವೆ.

ಉಯಿಲಿನಲ್ಲಿ ಇಲ್ಲದ ಮಗ ಸತ್ತಿದ್ದನೆಂದು ತಿಳಿಯಬೇಕಿಲ್ಲ. ಹಿರಿಯ ಮಗನಿಗೆ ಜಮೀನು ಕಾನೂನಿನಂತೆಯೇ ಹೋಗುತ್ತಿತ್ತು, ಅಥವಾ ಅವನ ಪಾಲು ಮದುವೆಯಲ್ಲೇ ಕೊಟ್ಟಾಗಿರುತ್ತಿತ್ತು. ಒಂದು ಶಿಲ್ಲಿಂಗ್ ಬಿಟ್ಟ ಮಗನ ಮೇಲೆ ತಂದೆಗೆ ಕೋಪವಿತ್ತೆಂದೂ ಹೇಳಲಾಗದು. ಗಂಡನುಳ್ಳ ಹೆಂಗಸು 1882ರ ಆಸ್ತಿ ಕಾನೂನಿಗೆ ಮೊದಲು ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿರಲಿಲ್ಲ. ಹಾಗಾಗಿ ಹೆಂಗಸರ ಹಳೆಯ ಉಯಿಲುಗಳು ಹೆಚ್ಚಾಗಿ ವಿಧವೆಯರದು, ಮದುವೆಯಾಗದವರದು. ಈ ಉಯಿಲುಗಳನ್ನು ಬಿಡದೆ ಓದಬೇಕು. ಮಕ್ಕಳಿಲ್ಲದ ಅತ್ತೆಯೊಬ್ಬಳು ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಹೆಸರು ಹಿಡಿದು ನೆನೆದು ಚಮಚ, ನಿಲುವಂಗಿ, ಹಾಸಿಗೆ ಹಂಚಿದಾಗ ಮೂರು ಶಾಖೆಯ ವಂಶಾವಳಿ ಒಂದೇ ಹಾಳೆಯಲ್ಲಿ ಸಿಗುತ್ತದೆ. ಉಯಿಲಿಲ್ಲದೆ ಸತ್ತವರ ಆಸ್ತಿಯ ಆಡಳಿತಕ್ಕೆ ಕೊಟ್ಟ ಅಧಿಕಾರ ಪತ್ರಗಳೂ, ನೆರೆಯವರು ಕೋಣೆಕೋಣೆ ಹೊಕ್ಕು ಪಾತ್ರೆ, ದನ, ಧಾನ್ಯಕ್ಕೆ ಬೆಲೆ ಕಟ್ಟಿದ ಪಟ್ಟಿಗಳೂ ಇದೇ ಕಟ್ಟಿನಲ್ಲಿರುತ್ತವೆ.

1858ರ ನಂತರ ಕೆಲಸ ಸಲೀಸು. ದೇಶಕ್ಕೆಲ್ಲ ಒಂದೇ ಪ್ರೊಬೇಟ್ ವ್ಯವಸ್ಥೆ, ವರ್ಷಕ್ಕೊಂದು ಅಕ್ಷರಾನುಕ್ರಮದ ಅಚ್ಚಿನ ಪಟ್ಟಿ. ಡಿಕನ್ಸ್‌ನ ಸಾಲಿನಲ್ಲಿ ಅವನು 1870ರ ಜೂನ್ 9ರಂದು ಗ್ಯಾಡ್ಸ್ ಹಿಲ್ ಮನೆಯಲ್ಲಿ ತೀರಿಕೊಂಡದ್ದೂ ಆಸ್ತಿಯ ಮೌಲ್ಯ 80,000 ಪೌಂಡಿನೊಳಗೆಂಬುದೂ ಸಿಗುತ್ತವೆ. ಉಯಿಲು ತೆರೆದರೆ ಮೊದಲ ಕೊಡುಗೆಯೇ ನಟಿ ಎಲೆನ್ ಟರ್ನನ್‌ಗೆ 1,000 ಪೌಂಡು. ಬದುಕಿದ್ದಾಗ ಮುಚ್ಚಿಟ್ಟ ನಂಟನ್ನು ಅವನೇ ಬರೆಸಿದ ಕಾಗದ ಹೊರಗಿಟ್ಟಿತು.

ಉಯಿಲು ಬಿಟ್ಟವರು ಜನಸಂಖ್ಯೆಯ ಸಣ್ಣ ಭಾಗ. ಬಿಡಲು ಏನೂ ಇಲ್ಲದವರ ಕತೆ ಪ್ಯಾರಿಷಿನ ಬಡವರ ಲೆಕ್ಕದಲ್ಲಿದೆ. 1662ರ ಕಾನೂನಿನಂತೆ ದರಿದ್ರನನ್ನು ಸಾಕುವ ಹೊಣೆ ಅವನ ಸ್ವಂತ ಪ್ಯಾರಿಷಿನದು. ಬೇರೆ ಊರಿನಲ್ಲಿ ಕಷ್ಟಕ್ಕೆ ಸಿಕ್ಕವನನ್ನು ಮ್ಯಾಜಿಸ್ಟ್ರೇಟರು ಕೂರಿಸಿ, ಎಲ್ಲಿ ಹುಟ್ಟಿದೆ, ಯಾರ ಬಳಿ ಆಳಾಗಿದ್ದೆ, ಯಾರನ್ನು ಮದುವೆಯಾದೆ ಎಂದು ಕೇಳಿ ಹೇಳಿಕೆ ಬರೆಸುತ್ತಿದ್ದರು. ಅವಮಾನದ ಆ ವಿಚಾರಣೆಯೇ ಇಂದು ಒಬ್ಬ ಕೂಲಿಯವನ ಜೀವನಚರಿತ್ರೆಯಾಗಿ ಉಳಿದಿದೆ. ಶ್ರೀಮಂತರ ಬಗ್ಗೆಯೂ ಇಷ್ಟು ವಿವರ ಎಷ್ಟೋ ಸಲ ಸಿಗುವುದಿಲ್ಲ.

ಎಲ್ಲಿ ನೋಡಬೇಕು

ಹಳೆಯ ಪ್ಯಾರಿಷ್ ಪುಸ್ತಕಗಳು ಈಗ ಬಹುಪಾಲು ಕೌಂಟಿ ಪತ್ರಾಗಾರಗಳಲ್ಲಿವೆ. ಫ್ರೀಬಿಎಂಡಿ, ಫ್ರೀರೆಗ್ ಎಂಬ ಸ್ವಯಂಸೇವಕರ ಸೂಚಿಗಳೂ ಫ್ಯಾಮಿಲಿಸರ್ಚ್ ತಾಣವೂ ಉಚಿತ. ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಹಣ ಕೇಳುತ್ತವೆ. ಲಂಡನ್ನಿನ ವಂಶಶೋಧಕರ ಸಂಘ 1911ರಿಂದ ಕೆಲಸ ಮಾಡುತ್ತಿದೆ. ಸೂಚಿಯಲ್ಲಿ ಹೆಸರು ಸಿಕ್ಕಿತೆಂದು ನಿಲ್ಲಬಾರದು, ಮೂಲ ಹಾಳೆಯ ಚಿತ್ರವನ್ನೇ ನೋಡಬೇಕು. ಕಂಪ್ಯೂಟರಿನಲ್ಲಿ ಇನ್ನೊಬ್ಬರು ಕಟ್ಟಿಟ್ಟ ವಂಶವೃಕ್ಷವನ್ನು ಹಾಗೆಯೇ ನಕಲು ಮಾಡುವುದು ಇಂದಿನ ದೊಡ್ಡ ಪಿಡುಗು. ಹುಟ್ಟಿದ ತಿಂಗಳಲ್ಲೇ ಸಮಾಧಿಯಾದ ಮಗುವನ್ನು ಬೆಳೆಸಿ, ಮದುವೆ ಮಾಡಿಸಿ, ಅದರಿಂದ ಸಂತಾನ ಇಳಿಸಿದ ವೃಕ್ಷಗಳು ಬೇಕಾದಷ್ಟಿವೆ. ದೀಕ್ಷಾಸ್ನಾನ ಸಿಕ್ಕ ಕೂಡಲೇ ಅದೇ ಊರಿನ ಸಮಾಧಿ ಪುಸ್ತಕ ತೆರೆಯುವ ಅಭ್ಯಾಸವಿದ್ದವರು ಈ ತಪ್ಪಿನಿಂದ ಪಾರಾಗುತ್ತಾರೆ.

ಕರ್ನಾಟಕದ ನಂಟು

ಇಂಗ್ಲೆಂಡಿನ ಗಣತಿಯಲ್ಲಿ ಕಾಣದ ಕೆಲವರು ಕರ್ನಾಟಕದಲ್ಲಿದ್ದರು. 1809ರಲ್ಲಿ ಸ್ಥಾಪನೆಯಾದ ಬೆಂಗಳೂರು ದಂಡಿನ ಸೈನಿಕರು, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟದವರು, 1880ರ ನಂತರ ಜಾನ್ ಟೇಲರ್ ಕಂಪನಿಯೊಂದಿಗೆ ಕೋಲಾರದ ಚಿನ್ನದ ಗಣಿಗೆ ಬಂದ ಕಾರ್ನ್‌ವಾಲಿನ ಗಣಿ ಕೆಲಸಗಾರರು ಇವರಲ್ಲಿ ಮುಖ್ಯರು. ಇಲ್ಲಿ ಅವರಿಗೆ ಮಕ್ಕಳಾದಾಗ, ಮದುವೆಯಾದಾಗ, ಸಾವು ಬಂದಾಗ ಚರ್ಚಿನ ಪಾದ್ರಿಗಳು ಪುಸ್ತಕದಲ್ಲಿ ಬರೆದು ಅದರ ನಕಲನ್ನು ಮದ್ರಾಸಿಗೆ ಕಳಿಸುತ್ತಿದ್ದರು. ಅಲ್ಲಿಂದ ಅದು ಲಂಡನ್ನಿಗೆ ಹೋಗುತ್ತಿತ್ತು. ಈ ನಕಲುಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಮದ್ರಾಸ್ ಪ್ರೆಸಿಡೆನ್ಸಿಯ ವಿಭಾಗದಲ್ಲಿವೆ. ಭಾರತದಲ್ಲಿ ಸ್ಥಿರವಾದ ಅವರ ಉಯಿಲುಗಳೂ ಅದೇ ಸಂಗ್ರಹದಲ್ಲಿವೆ. ನಮ್ಮ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡಿನ ಮೂಲ ಹುಡುಕಲು ಹೊರಟರೆ ಮೊದಲ ಮೆಟ್ಟಿಲು ಇದೇ.

ಲಂಡನ್ನಿನಲ್ಲಿರುವುದು ನಕಲಿನ ನಕಲು. ಹೆಸರು ಅಳಿಸಿದಂತಿದ್ದರೆ, ತಾರೀಖು ಅನುಮಾನವಾದರೆ, ನೋಡಬೇಕಾದದ್ದು ಆಯಾ ಚರ್ಚಿನಲ್ಲಿ ಉಳಿದ ಮೂಲ ಪುಸ್ತಕವನ್ನು ಮತ್ತು ಹತ್ತಿರದ ಸ್ಮಶಾನದ ಕಲ್ಲನ್ನು. ಮಳೆಗೆ ಸವೆಯುತ್ತಿರುವ ಆ ಕಲ್ಲುಗಳನ್ನೂ ಗೆದ್ದಲಿಗೆ ಸಿಕ್ಕಬಹುದಾದ ಆ ಪುಸ್ತಕಗಳನ್ನೂ ಚಿತ್ರ ತೆಗೆದು ಉಳಿಸುವ ಕೆಲಸವನ್ನು ನಮ್ಮ ಚರ್ಚುಗಳೂ ಇತಿಹಾಸದ ಆಸಕ್ತರೂ ಈಗಲೇ ಕೈಗೆತ್ತಿಕೊಳ್ಳಬೇಕು.